ವಲಸೆ ಬಂದವರು ಕಟ್ಟಿದ ಬ್ರಹ್ಮಾವರದ ಆರ್ಥೊಡಾಕ್ಸ್ ಚರ್ಚ್

ಅನಗೋಳದಲ್ಲಿ ನೆಲೆಸಿರುವ ನಮಗೆ ಗೋವಾ ದೂರದ ನಾಡಲ್ಲ. ಖಾನಾಪುರದ ಕಾಡುಗಳಾಚೆ, ಘಟ್ಟದ ಕೆಳಗೆ ಇರುವ ನೆಲವದು. ಅಲ್ಲಿಂದ ಬಂದ ಕೊಂಕಣಿ ಕ್ರೈಸ್ತರು ಬೆಳಗಾವಿಯಲ್ಲಿ ನಮ್ಮ ನೆರೆಹೊರೆಯವರು. ಆದರೆ ಅದೇ ಗೋವಾದಿಂದ ಕರಾವಳಿಗುಂಟ ದಕ್ಷಿಣಕ್ಕೆ ಹೋದವರ ಸಂತತಿಯು ಉಡುಪಿ ಸಮೀಪದ ಬ್ರಹ್ಮಾವರದಲ್ಲಿ ಕಟ್ಟಿಕೊಂಡ ಸಂತ ಮೇರಿ ಆರ್ಥೊಡಾಕ್ಸ್ ಚರ್ಚಿನ ಇತಿಹಾಸವನ್ನು ನಮ್ಮಲ್ಲಿ ಬಲ್ಲವರು ವಿರಳ.

1560ರಲ್ಲಿ ಗೋವಾದಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯವು ಮತಾಂತರಗೊಂಡವರನ್ನೂ ಬಿಡದೆ, ಅವರ ಹಳೆಯ ಆಚಾರಗಳನ್ನು ಹುಡುಕಿ ದಂಡಿಸಿತು. ಅದರ ಭಯದೊಂದಿಗೆ ಬರಗಾಲ, ರೋಗ, ಯುದ್ಧಗಳೂ ಸೇರಿ ಅನೇಕ ಕುಟುಂಬಗಳನ್ನು ಕೆನರಾ ಕರಾವಳಿಗೆ ಅಟ್ಟಿದವು. ಅವರು ತಮ್ಮೊಂದಿಗೆ ತಂದದ್ದು ಕೊಂಕಣಿ ಭಾಷೆ ಮತ್ತು ಗೋವಾದ ಪಾದ್ರಿಗಳೊಂದಿಗಿನ ನಂಟು.

1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ಅರಸರ ನಡುವೆ ಒಪ್ಪಂದವಾಯಿತು. ಅದರಿಂದಾಗಿ ಇಲ್ಲಿನ ಚರ್ಚುಗಳು ಗೋವಾದ ಅಧಿಕಾರದಿಂದ ಕಳಚಿ ಬೇರೆ ಬಿಷಪರ ಕೈಸೇರಿದವು. ಭಕ್ತರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಇದನ್ನು ಒಪ್ಪದವರು ಗೋವಾದ ಪಾದ್ರಿ ಆಂಟೋನಿಯೊ ಫ್ರಾನ್ಸಿಸ್ಕೊ ಕ್ಸೇವಿಯರ್ ಆಲ್ವಾರಿಸ್ ಅವರ ನೇತೃತ್ವದಲ್ಲಿ ರೋಮಿನ ಸಂಬಂಧವನ್ನೇ ತೊರೆದರು. 1889ರ ಜುಲೈ 29ರಂದು ಕೇರಳದ ಕೋಟ್ಟಯಂನಲ್ಲಿ ಮಲಂಕರ ಸಭೆಯ ಬಿಷಪರು ಆಲ್ವಾರಿಸರಿಗೆ 'ಮಾರ್ ಜೂಲಿಯಸ್' ಎಂಬ ಹೆಸರಿನಲ್ಲಿ ಬಿಷಪ್ ಪದವಿ ನೀಡಿದರು. ಹೊಸ ಸಭೆಗೆ ಸೇರಿದರೂ ತಮ್ಮ ಲ್ಯಾಟಿನ್ ಆರಾಧನಾ ಕ್ರಮವನ್ನು ಉಳಿಸಿಕೊಳ್ಳಲು ಇವರಿಗೆ ಅನುಮತಿಯಿತ್ತು. ಬ್ರಹ್ಮಾವರದ ಸಮುದಾಯವನ್ನು ಪಾದ್ರಿ ನೊರೊನ್ಹಾ ಅವರು 1936ರಲ್ಲಿ ನಿಧನರಾಗುವವರೆಗೂ ಮುನ್ನಡೆಸಿದರು.

ಆಲ್ವಾರಿಸರು ತಮ್ಮ ನಿಲುವಿಗಾಗಿ ಬಹಿಷ್ಕಾರ, ಬಂಧನ, ಅವಮಾನಗಳನ್ನು ಅನುಭವಿಸಿದರು. ಆದರೂ ಪಣಜಿಯ ಬೀದಿಗಳಲ್ಲಿ ಭಿಕ್ಷೆ ಎತ್ತಿ ಬಡವರಿಗೆ ಉಣಿಸಿದರು. ಕಾಲರಾ ಚಿಕಿತ್ಸೆಯ ಕುರಿತು ಕಿರುಹೊತ್ತಿಗೆ ಬರೆದರು. ಹಸಿವು ನೀಗಲೆಂದು ಮರಗೆಣಸು ಬೆಳೆಯುವುದನ್ನು ಪ್ರೋತ್ಸಾಹಿಸಿದರು. 1923ರ ಸೆಪ್ಟೆಂಬರ್ 23ರಂದು ಅವರು ಅಗಲಿದಾಗ ಅಂತಿಮ ದರ್ಶನಕ್ಕೆ ನೆರೆದವರಲ್ಲಿ ಬಡವರೇ ಹೆಚ್ಚಾಗಿದ್ದರು.

ಒಪ್ಪಂದಕ್ಕೆ ಸಹಿ ಹಾಕಿದ ಅರಸೊತ್ತಿಗೆ 1910ರಲ್ಲಿಯೇ ಅಳಿಯಿತು. ಬ್ರಹ್ಮಾವರದ ಆ ಚಿಕ್ಕ ಸಮುದಾಯವಾದರೋ ಇಂದಿಗೂ ತನ್ನ ಚರ್ಚನ್ನು ಉಳಿಸಿಕೊಂಡಿದೆ. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರಾದ ಇವರ ಕಥೆ ನಮಗೊಂದು ಮಾತನ್ನು ನೆನಪಿಸುತ್ತದೆ: ಜನರ ಆರಾಧನೆಯನ್ನು ಅವರನ್ನು ಕೇಳದೆ ಹಂಚಿಕೊಳ್ಳುವ ಹಕ್ಕು ಯಾವ ಅಧಿಕಾರಕ್ಕೂ ಇಲ್ಲ. ನೆರೆಯವರ ಇಂತಹ ಇತಿಹಾಸವನ್ನು ಅರಿಯುವುದು ನೆರೆಹೊರೆಯ ಹಕ್ಕುಗಳಲ್ಲೊಂದು ಎಂದು ನಾವು ಭಾವಿಸುತ್ತೇವೆ.