ರಂಪಣಿಯ ಎರಡು ಹಗ್ಗ, ಚಿತ್ರದ ನಾಲ್ಕು ಅಂಚು

ಹಲಕುಂದಿಯಲ್ಲಿ ನಿಂತರೆ ಕಣ್ಣಿಗೆ ಬೀಳುವುದು ಬಯಲು, ಬಂಡೆಗುಡ್ಡ, ಮಿಕ್ಕಿದ್ದೆಲ್ಲ ಆಕಾಶ. ಕಡಲು ಬೇಕೆಂದರೆ ಬಳ್ಳಾರಿಗೆ ಹೋಗಿ, ಹಳೆಯ ಅಂಕೋಲಾ–ಗುತ್ತಿ ಹೆದ್ದಾರಿ ಹಿಡಿದು ಘಟ್ಟ ಇಳಿಯಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಕಡಲು ಮೊದಲು ಬಂದದ್ದು ಫೋಟೊ ಸ್ಟುಡಿಯೋದ ಬಣ್ಣದ ಪರದೆಯಾಗಿ: ಅಲೆ, ತೆಂಗಿನಮರ, ಮುಂದೊಂದು ಕುರ್ಚಿ. ಪರದೆಯ ಮೇಲೆ ನೀರಿನ ಗೆರೆಯನ್ನು ಚಿತ್ರಗಾರ ಮೊದಲೇ ಎಳೆದಿಟ್ಟಿರುತ್ತಾನೆ. ದಡದಲ್ಲಿ ಕ್ಯಾಮೆರಾ ಹಿಡಿದು ನಿಂತವರು ಅದನ್ನು ತಾವೇ ಎಳೆಯಬೇಕು.

ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಆ ಗೆರೆಯ ಮೇಲೇನು, ಕೆಳಗೇನು ಎಂಬುದನ್ನು ಬಹುಪಾಲು ರಸಾಯನವೇ ತೀರ್ಮಾನಿಸುತ್ತಿತ್ತು. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಕಾಲದ ನೆಗೆಟಿವ್ ನೀಲಿ ಬೆಳಕಿಗೆ ಅತಿಬೇಗ ಸ್ಪಂದಿಸುತ್ತಿತ್ತು. ಕಲ್ಲು ಮೂಡುವವರೆಗೆ ಬೆಳಕು ಬಿಟ್ಟರೆ ಆಕಾಶ ಬರೀ ಬಿಳಿ. ಹಂಪಿಯಲ್ಲಿ ಕಲ್ಲೇ ಮುಖ್ಯವಾದ್ದರಿಂದ ನಡೆಯಿತು; ಕಡಲಿನ ಚಿತ್ರದಲ್ಲಿ ಅರ್ಧಕ್ಕರ್ಧ ಆಕಾಶವೇ. ಅದೇ ವರ್ಷದ ಸುಮಾರಿಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತಮ್ಮ ಹೆಸರಾಂತ ಕಡಲ ಚಿತ್ರಗಳನ್ನು ತೆಗೆಯತೊಡಗಿದರು. ಕೆಲವಕ್ಕೆ ನೀರಿಗೊಂದು, ಮೋಡಕ್ಕೊಂದು ನೆಗೆಟಿವ್ ಮಾಡಿ ಒಂದೇ ಕಾಗದದ ಮೇಲೆ ಕೂಡಿಸಿದರು. ಹೊಲಿಗೆ ಬಿದ್ದದ್ದು ದಿಗಂತದ ಮೇಲೆ. ಇಂದಿನ ಪತ್ರಿಕಾ ಛಾಯಾಚಿತ್ರ ಸ್ಪರ್ಧೆಗಳು ಅಂಚು ಕತ್ತರಿಸಲು ಬಿಡುತ್ತವೆ, ಹೀಗೆ ಆಕಾಶ ಅಂಟಿಸಲು ಬಿಡುವುದಿಲ್ಲ.

ದಿಗಂತವನ್ನು ಚೌಕಟ್ಟಿನ ಮೂರನೇ ಒಂದು ಪಾಲಿನಲ್ಲಿಡಬೇಕೆಂಬ ಪಾಠ ಕ್ಯಾಮೆರಾಕ್ಕಿಂತ ಹಳೆಯದು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲೇ ಚಿತ್ರಕಲೆಗಾಗಿ ಅದನ್ನು ಬರೆದಿದ್ದರು. ಜಪಾನಿನ ಹಿರೋಶಿ ಸುಗಿಮೊಟೊ 1980ರಿಂದ ತೆಗೆದ ಕಡಲುಗಳಲ್ಲಿ ಗೆರೆ ಸರಿಯಾಗಿ ನಡುವೆ ನಿಂತಿದೆ. ಅಲ್ಲಿ ದೋಣಿಯಿಲ್ಲ, ದಡವಿಲ್ಲ, ಮನುಷ್ಯರಿಲ್ಲ. ಹಾಗಾಗಿ ಅದು ಒಪ್ಪುತ್ತದೆ. ನಮ್ಮ ಕರಾವಳಿಯಲ್ಲಿ ಮನುಷ್ಯರನ್ನು ಬಿಟ್ಟು ಗೆರೆಯ ಲೆಕ್ಕ ಹಾಕುವುದು ನನಗೆ ಒಗ್ಗುವುದಿಲ್ಲ.

ಕರ್ನಾಟಕದಲ್ಲಿ ಹವ್ಯಾಸಿಗಳ ಕಲೆಗೆ ನೆಲೆ ಕೊಟ್ಟವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಮುಖ್ಯರು. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಕಟ್ಟಿದವರು ಅವರು. ಆ ತಲೆಮಾರಿನವರ ಅರ್ಧ ಕೆಲಸ ಡಾರ್ಕ್ ರೂಮಿನಲ್ಲಿ ನಡೆಯುತ್ತಿತ್ತು: ಎನ್ಲಾರ್ಜರ್ ಕೆಳಗೆ ಕೈಯಡ್ಡ ಹಿಡಿದು ಮರಳನ್ನು ತಿಳಿಯಾಗಿಸುವುದು, ಇನ್ನಷ್ಟು ಬೆಳಕು ಕೊಟ್ಟು ಮೋಡವನ್ನು ಗಾಢ ಮಾಡುವುದು, ಕೊನೆಗೆ ಅಂಚು ಕತ್ತರಿಸುವುದು.

ಕತ್ತರಿಯ ಲೆಕ್ಕ ನೋಡಿ. 24×36 ಮಿಲಿಮೀಟರ್ ನೆಗೆಟಿವನ್ನು ಎಂಟು ಇಂಚು ಅಗಲಕ್ಕೆ ಹಿಗ್ಗಿಸಿದರೆ ಉದ್ದ ಹನ್ನೆರಡು ಇಂಚಾಗುತ್ತದೆ. ರೂಢಿಯಲ್ಲಿದ್ದ ಕಾಗದ 8×10. ಎರಡು ಇಂಚು, ಎಂದರೆ ಆರನೇ ಒಂದು ಪಾಲು, ಹೋಗಲೇಬೇಕು. ಬಂಡೆಯ ಚಿತ್ರಕ್ಕೆ ಇದರಿಂದ ನಷ್ಟವಿಲ್ಲ. ರಂಪಣಿಯ ಚಿತ್ರಕ್ಕೆ ಇದೆ. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರವಾಗಿ ಬಲೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ಎಳೆಯುವ ಮೀನುಗಾರಿಕೆ ಅದು. ಒಂದು ಸಾಲು ಕತ್ತರಿಸಿದರೆ, ಜನ ಸುಮ್ಮನೆ ಹಗ್ಗ ಹಿಡಿದು ನಿಂತಂತೆ ಕಾಣುತ್ತದೆ. ಮೀನು ಹಿಡಿಯುವ ಕ್ರಮವೇ ಚಿತ್ರದಿಂದ ಜಾರಿಹೋಗುತ್ತದೆ. ದೊಡ್ಡ ರಂಪಣಿಗಳು 1970ರ ದಶಕದ ಕೊನೆಯಿಂದ ಕಡಲಲ್ಲೇ ಮೀನನ್ನು ಬಲೆಯಿಂದ ಸುತ್ತುಗಟ್ಟುವ ಯಂತ್ರದ ಪರ್ಸೀನ್ ಬೋಟುಗಳ ಎದುರು ಸೊರಗಿದವು. ಚಿಕ್ಕದಾದ ಕೈರಂಪಣಿ ಉಳಿದುಕೊಂಡಿದೆ. ಹಾಗಾಗಿ ಹಳೆಯ ನೆಗೆಟಿವ್ ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ಅಂಚಿನಿಂದ ಅಂಚಿಗೆ ಪೂರ್ತಿ ಸ್ಕ್ಯಾನ್ ಮಾಡಿ ಇಡಿ.

ಕ್ರಾಪ್ ಮಾಡುವುದೇ ತಪ್ಪು ಎನ್ನುತ್ತಿಲ್ಲ. ಕತ್ತರಿಸುವುದನ್ನು ಇಷ್ಟಪಡದ ಆನ್ರಿ ಕಾರ್ತಿಯೆ ಬ್ರೆಸಾನ್ ಅವರ 1932ರ ಪ್ರಸಿದ್ಧ ಚಿತ್ರ, ನೀರಿನ ಮೇಲೆ ಜಿಗಿಯುವ ವ್ಯಕ್ತಿಯದು, ಕ್ರಾಪ್ ಆದದ್ದೇ. ಬೇಲಿಯ ಸಂದಿನಲ್ಲಿ ತೆಗೆದ ಚಿತ್ರಕ್ಕೆ ಬೇರೆ ದಾರಿಯಿರಲಿಲ್ಲ.

ಮೊಬೈಲ್ ಬಂದ ಮೇಲೆ ಕತ್ತರಿ ಎಲ್ಲರ ಬೆರಳಿಗೆ ಬಂತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ 2015ರವರೆಗೆ ಚೌಕಾಕಾರ ಬಿಟ್ಟು ಬೇರೆಯದನ್ನು ಒಪ್ಪುತ್ತಿರಲಿಲ್ಲ. ಈಗ 9:16ರ ನಿಲುವು ಚೌಕಟ್ಟು. 6000 ಪಿಕ್ಸೆಲ್ ಅಗಲ, 4000 ಎತ್ತರದ ಚಿತ್ರವನ್ನು ಅದಕ್ಕೆ ಹೊಂದಿಸಿದರೆ ಅಗಲದಲ್ಲಿ ಉಳಿಯುವುದು 2250. ರಂಪಣಿಯ ಎರಡೂ ಸಾಲು ಮಾಯ, ಮಧ್ಯದ ಸೂರ್ಯ ಮಾತ್ರ ಗಟ್ಟಿ. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ನೀರಿಗೇ ಇಳಿಯುವುದರಿಂದ ಈ ಚಿತ್ರಕ್ಕೆ ಬರವಿಲ್ಲ. ಡ್ರೋನ್ ಮಾತ್ರ ಅಗಲವನ್ನು ಮರಳಿ ಕೊಟ್ಟಿತು: ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಒಂದೇ ಚೌಕಟ್ಟಿಗೆ ಸಿಗುತ್ತವೆ. ಆದರೆ ಅಷ್ಟು ಎತ್ತರದಿಂದ ಹಗ್ಗ ಎಳೆಯುವವರ ಮುಖ ಕಾಣದು.

ನಿಲುವು ಚೌಕಟ್ಟಿನಲ್ಲೂ ರಂಪಣಿ ಕೂರಿಸಬಹುದು. ಕಡಲಿಗೆ ಎದುರಾಗಿ ನಿಲ್ಲದೆ, ಒಂದು ಸಾಲಿನ ಪಕ್ಕಕ್ಕೆ ಹೋಗಿ ದಡದುದ್ದಕ್ಕೂ ನೋಡಬೇಕು. ಆಗ ಹತ್ತಿರದ ಹಗ್ಗ ಮುಂದೆ, ಆಚೆಯ ಸಾಲು ದೂರದಲ್ಲಿ ಚಿಕ್ಕದಾಗಿ ಮೇಲೆ. ಅದೂ ಆಗದಿದ್ದರೆ ಕಾಯುವುದು. ಬಲೆ ದಡ ಸೇರುತ್ತ ಬಂದಂತೆ ಎರಡು ಸಾಲಿನವರೂ ಹೆಜ್ಜೆ ಹೆಜ್ಜೆಗೆ ಒಬ್ಬರ ಕಡೆಗೊಬ್ಬರು ಸರಿಯುತ್ತಾರೆ, ಕೊನೆಗೆ ಮೀನಿನ ಸುತ್ತ ಒಟ್ಟಾಗುತ್ತಾರೆ.