ನೋಟ್ಸ್ ಉಳೀತು, ಸದ್ದು ಹೋಯ್ತು

ಹೋದ ತಿಂಗಳು ಪುಣೆಯ ಮನೇಲಿ ಹಳೇ ಹಾರ್ಡ್ ಡಿಸ್ಕ್ ಒಂದನ್ನ ಹೊರಗೆ ತೆಗೆದೆ. ಮಗಳ ನಾಮಕರಣಕ್ಕೆ ಅಂತ 2008ರಲ್ಲಿ ನಾನು ಮಾಡಿದ್ದ ಜೋಗುಳ ಅದರಲ್ಲಿತ್ತು. ಹಾಡಿದ್ದು ನಮ್ಮಮ್ಮ. ಹಿಂದಿನ ವಾದ್ಯವೆಲ್ಲ ಸಾಫ್ಟ್‌ವೇರ್ ಸಿಂಥ್. ಪ್ರಾಜೆಕ್ಟ್ ತೆರೀತು, ಅಮ್ಮನ ದನಿ ಹಾಗೇ ಬಂತು. ಸಿಂಥ್ ಟ್ರ್ಯಾಕ್‌ಗಳು ಮಾತ್ರ ಮೌನ. ಪ್ಲಗಿನ್ ಸಿಗ್ತಿಲ್ಲ ಅಂತ ಪರದೆ ಮೇಲೆ ಒಂದು ಸಾಲು, ಅಷ್ಟೇ.

ನಮ್ಮ ಭಾಷೇಲಿ ಹೇಳೋದಾದ್ರೆ ಸೋರ್ಸ್ ಕೋಡ್ ಇದೆ, ಲೈಬ್ರರಿ ಇಲ್ಲ.

ಇದರ ಬೇರು 1983ರಲ್ಲಿದೆ. ಆ ವರ್ಷ ಅಮೆರಿಕದ ನ್ಯಾಮ್ ಮೇಳದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6 ಅನ್ನೋ ಎರಡು ಬೇರೆ ಕಂಪನಿಗಳ ಸಿಂಥ್‌ಗಳನ್ನ ಕೇಬಲ್ ಹಾಕಿ ಜೋಡಿಸಿ ತೋರಿಸಿದರು. ಅದೇ ಮಿಡಿ. ಮಿಡಿಯಲ್ಲಿ ಸದ್ದೇ ಇರೋದಿಲ್ಲ, ಯಾವ ಸ್ವರ, ಎಷ್ಟು ಜೋರು, ಎಷ್ಟು ಹೊತ್ತು ಅನ್ನೋ ಸೂಚನೆ ಮಾತ್ರ. ನುಡಿಸೋಕೆ ಎದುರಿಗೆ ಯಾರಾದ್ರೂ ಬೇಕೇ ಬೇಕು. ಮೊದಲು ಅದು ಮೇಜಿನ ಮೇಲಿನ ಪೆಟ್ಟಿಗೆ. 1996ರಲ್ಲಿ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ವಿಎಸ್‌ಟಿ ತಂತು. 1999ರ ಎರಡನೇ ಆವೃತ್ತಿಯಲ್ಲಿ ಪ್ಲಗಿನ್‌ಗಳು ಮಿಡಿ ಓದೋದನ್ನ ಕಲಿತವು. ವಾದ್ಯ ಕಂಪ್ಯೂಟರ್ ಒಳಗೇ ಬಂದು ಕೂತಿತು.

ಕೂತ ಮೇಲೆ ಶುರುವಾಯ್ತು ಕಷ್ಟ. ಸಿಡಿ ಮಟ್ಟದ ಸದ್ದು ಅಂದ್ರೆ ಸೆಕೆಂಡಿಗೆ 44,100 ಸ್ಯಾಂಪಲ್. ಪ್ರತಿ ಸಿಂಥ್‌ಗೂ ಅಷ್ಟನ್ನೂ ಪ್ರೊಸೆಸರ್ ಆಗಿಂದಾಗಲೇ ಲೆಕ್ಕ ಹಾಕಬೇಕು. ಆ ಕಾಲದ ಮಷಿನ್‌ಗಳಲ್ಲಿ ಕೆಲವೇ ಸಿಂಥ್ ಸೇರಿದ್ರೆ ಸಾಕು, ಪಟಪಟ ಅಂತ ಒಡೆದ ಸದ್ದು. ಹಾಗಾಗಿ ಒಂದು ಟ್ರ್ಯಾಕ್ ಸರಿಯಾಯ್ತು ಅನ್ನಿಸಿದ ಕೂಡಲೇ ಅದನ್ನ ಆಡಿಯೋ ಫೈಲ್ ಮಾಡಿ, ಸಿಂಥನ್ನ ಆರಿಸಿಬಿಡೋರು.

ಯೋಚನೆ ಹೊಸದೇನಲ್ಲ. 1967ರಲ್ಲಿ ಬೀಟಲ್ಸ್‌ನವರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗೆ ಲಂಡನ್ನಿನಲ್ಲಿ ಇದ್ದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳು. ನಾಲ್ಕೂ ತುಂಬಿದಾಗ ಅವನ್ನ ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸಿ, ಮಿಕ್ಕ ಜಾಗ ಖಾಲಿ ಮಾಡ್ಕೊಳ್ತಿದ್ದರು. ಇಳಿಸಿ ಮುಂದಕ್ಕೆ ಹೋದ್ರೆ ಮತ್ತೆ ಬಿಡಿಸೋದು ಸುಲಭವಲ್ಲ. ಡ್ರಮ್ ಜಾಸ್ತಿಯಾಯ್ತಾ, ಇರಲಿ ಬಿಡಿ.

2003ರ ಲಾಜಿಕ್ 6 ಇದಕ್ಕೊಂದು ಗುಂಡಿ ಕೊಡ್ತು: ಫ್ರೀಜ್. ಒತ್ತಿದ್ರೆ ಟ್ರ್ಯಾಕ್ ತಾತ್ಕಾಲಿಕವಾಗಿ ಆಡಿಯೋ ಆಗುತ್ತೆ, ಬೇಕಾದಾಗ ಕರಗಿಸಬಹುದು. ಹಿಂದಿನ ವರ್ಷವಷ್ಟೇ ಅದರ ಕಂಪನಿ ಇಮ್ಯಾಜಿಕ್ ಅನ್ನು ಆಪಲ್ ಕೊಂಡು, ವಿಂಡೋಸ್ ಆವೃತ್ತಿ ನಿಲ್ಲಿಸಿತ್ತು. ವಿಂಡೋಸ್‌ನಲ್ಲಿ ಅದೇ ಕಂಪನಿಯ ಸಿಂಥ್ ನಂಬಿ ಹಾಡು ಕಟ್ಟಿದವರ ಗತಿ ಏನು? ಆಡಿಯೋ ಮಾಡಿಟ್ಟುಕೊಂಡವರು ಬಚಾವ್. 2019ರಲ್ಲಿ ಮ್ಯಾಕ್ ಕ್ಯಾಟಲೀನಾ 32-ಬಿಟ್ ಪ್ರೋಗ್ರಾಂಗಳನ್ನೇ ಕೈಬಿಟ್ಟಾಗಲೂ ಇದೇ ಕಥೆ. ವೇಗಕ್ಕೆ ಅಂತ ಹುಟ್ಟಿದ ಉಪಾಯ ಅಷ್ಟು ಹೊತ್ತಿಗೆ ಉಳಿಸಿಕೊಳ್ಳೋ ಉಪಾಯ ಆಗಿತ್ತು.

ಅಂದಹಾಗೆ, ಆಡಿಯೋ ಮಾಡುವಾಗ ಕೊನೇ ಸ್ವರ ಮುಗಿದಲ್ಲಿಗೇ ಕತ್ತರಿಸಬೇಡಿ, ರಿವರ್ಬ್‌ನ ಬಾಲ ಹೋಗುತ್ತೆ. ಮಿಡಿಯನ್ನೂ ಅಳಿಸಬೇಡಿ.

ನನ್ನ ಜೋಗುಳದಲ್ಲಿ ಒಂದೇ ಒಂದು ಸಿಂಥ್ ಟ್ರ್ಯಾಕ್ ಉಳಿದಿದೆ, ತಂಬೂರಿ ಥರದ ಪ್ಯಾಡ್. ಆಗಿನ ಬಡಕಲು ಲ್ಯಾಪ್‌ಟಾಪ್ ತಡೀಲಿಲ್ಲ ಅಂತ ಬೈಕೊಂಡು ಅದನ್ನ ಆಡಿಯೋ ಮಾಡಿದ್ದೆ. ಕೊಳಲಿನ ಸಾಲು ಹೋಯ್ತು. ಅಮ್ಮನೂ ಈಗಿಲ್ಲ, ಮತ್ತೆ ಹಾಡಿಸೋಣ ಅನ್ನೋ ಹಾಗಿಲ್ಲ. ಮಗಳು ಆ ಮಿಡಿಗೆ ಹೊಸ ಸಿಂಥ್‌ಗಳನ್ನ ಹಾಕಿ ನೋಡ್ತಿದ್ದಾಳೆ. ಇಲ್ಲಿವರೆಗೆ ನಾಲ್ಕು ಕೇಳಿಸಿದ್ಲು. ನಾಲ್ಕೂ ಅದಲ್ಲ.