ಗಿಲಾವು ಸಿಂಪಡಣಾ ಯಂತ್ರ: ಆರಂಭಿಕ ಹಂತದ ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ ಕ್ರಮಗಳು

(ಸ್ವಯಂ ಉದ್ಯೋಗಕ್ಕಾಗಿ ಸಾಲ ಹಾಗೂ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

1. ಪೀಠಿಕೆ

ಕಟ್ಟಡಗಳ ಗೋಡೆ ಹಾಗೂ ಚಾವಣಿಗೆ ಕರಣೆಯಿಂದ ಗಾರೆ ಎರಚುವ ಕೆಲಸವನ್ನು ಯಂತ್ರದ ಮೂಲಕ ನಿರ್ವಹಿಸುವ ಪದ್ಧತಿಯು ರಾಜ್ಯದ ನಗರ ಪ್ರದೇಶಗಳಲ್ಲಿ ಬಳಕೆಗೆ ಬಂದಿದೆ. ಅನುಭವಿ ಗಾರೆ ಕೆಲಸಗಾರರು ಹಾಗೂ ಸಣ್ಣ ಗುತ್ತಿಗೆದಾರರು ಸಾಲ ಪಡೆದು ಇಂತಹ ಯಂತ್ರವನ್ನು ಖರೀದಿಸಲು ಆಸಕ್ತಿ ತೋರುವುದು ಸಹಜ. ಆದರೆ ಯಂತ್ರವನ್ನು ತಂದ ಮೊದಲ ಕೆಲವು ವಾರಗಳಲ್ಲಿಯೇ ಕೊಳವೆಯಲ್ಲಿ ಗಾರೆ ಗಟ್ಟಿಯಾಗುವುದು, ಪಂಪು ಸವೆಯುವುದು, ಗಿಲಾವು ಕಳಚಿ ಬೀಳುವುದು ಮುಂತಾದ ಕಾರಣಗಳಿಂದ ಯಂತ್ರವನ್ನು ಮೂಲೆಗೆ ಸೇರಿಸುವ ಪ್ರಸಂಗಗಳು ಒದಗಬಹುದು. ಯಂತ್ರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಇಂತಹ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದಲ್ಲ, ಸಿದ್ಧತೆಯ ಕೊರತೆಯಿಂದ ಉಂಟಾಗುತ್ತವೆ. ಆದ್ದರಿಂದ ಅರ್ಜಿದಾರರು ದರಪಟ್ಟಿ ಪಡೆಯುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಗಮನವಿಟ್ಟು ಓದಿಕೊಳ್ಳುವುದು ಸೂಕ್ತ.

2. ಯಂತ್ರದ ವಿಧಗಳು

ಬಳಕೆಯಲ್ಲಿರುವ ಯಂತ್ರಗಳನ್ನು ಸ್ಥೂಲವಾಗಿ ಮೂರು ವಿಧಗಳಾಗಿ ವಿಂಗಡಿಸಬಹುದು.

ಅ) ಹಾಪರ್ ಗನ್: ಚಿಕ್ಕ ಬುಟ್ಟಿಯಲ್ಲಿ ಗಾರೆಯನ್ನು ತುಂಬಿ, ಕಂಪ್ರೆಸರ್‌ನ ಗಾಳಿಯಿಂದ ಗೋಡೆಗೆ ಸಿಂಪಡಿಸುವ ಸರಳ ಉಪಕರಣ. ಬಂಡವಾಳ ಕಡಿಮೆ, ಸಣ್ಣ ಮನೆಗಳ ಕೆಲಸಕ್ಕೆ ಸೂಕ್ತ.

ಆ) ತಿರುಪು ಪಂಪಿನ ಯಂತ್ರ: ರಬ್ಬರ್ ಕವಚದೊಳಗೆ ಉಕ್ಕಿನ ತಿರುಪು ಸುತ್ತುತ್ತಾ ಗಾರೆಯನ್ನು ಕೊಳವೆಗೆ ತಳ್ಳುತ್ತದೆ. ಈ ಬಗೆಯ ಪಂಪನ್ನು ಫ್ರಾನ್ಸ್ ದೇಶದ ರೆನೆ ಮೊಯ್ನೊ ಅವರು 1930ರ ದಶಕದಲ್ಲಿ ರೂಪಿಸಿದರು. ಇದರಲ್ಲಿ ಗಾರೆಯನ್ನು ತಾನೇ ಕಲಸುವ ಮಾದರಿಗಳೂ ಇದ್ದು, ಜಿಪ್ಸಂ ಹಾಗೂ ಸಿದ್ಧಮಿಶ್ರಣ ಗಿಲಾವಿಗೆ ಅವು ಹೆಚ್ಚಾಗಿ ಬಳಕೆಯಾಗುತ್ತವೆ.

ಇ) ಪಿಸ್ಟನ್ ಪಂಪಿನ ಯಂತ್ರ: ಸ್ಥಳದಲ್ಲಿಯೇ ಕಲಸಿದ ಸಿಮೆಂಟ್-ಮರಳಿನ ಒರಟು ಗಾರೆಯನ್ನು ಇತರ ಯಂತ್ರಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಬೆಲೆ ಹಾಗೂ ತೂಕ ಹೆಚ್ಚು.

ತಾವು ಮಾಡುವ ಕೆಲಸ ಯಾವುದೆಂಬುದನ್ನು ಮೊದಲು ನಿರ್ಧರಿಸಿ, ಅನಂತರ ಯಂತ್ರವನ್ನು ಆಯ್ಕೆ ಮಾಡತಕ್ಕದ್ದು. ಜಿಪ್ಸಂ ಗಿಲಾವಿಗೆಂದು ತಯಾರಾದ ಯಂತ್ರದಲ್ಲಿ ಒರಟು ಮರಳಿನ ಗಾರೆಯನ್ನು ಹಾಯಿಸಿದಲ್ಲಿ ರಬ್ಬರ್ ಕವಚವು ಬೇಗನೆ ಸವೆದುಹೋಗುತ್ತದೆ.

3. ವಿದ್ಯುತ್ ಮತ್ತು ನೀರಿಗೆ ಸಂಬಂಧಿಸಿದ ತೊಂದರೆಗಳು

ಮೋಟಾರು ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ: ಉದ್ದವಾದ ಹಾಗೂ ತೆಳುವಾದ ತಂತಿಯಲ್ಲಿ ವೋಲ್ಟೇಜ್ ಕುಸಿಯುವುದು, ಅಥವಾ ಮೂರು ಫೇಸ್‌ಗಳ ಪೈಕಿ ಒಂದು ಇಲ್ಲದಿರುವುದು ಇದಕ್ಕೆ ಸಾಮಾನ್ಯ ಕಾರಣ. ಕೂಡಲೇ ಯಂತ್ರವನ್ನು ನಿಲ್ಲಿಸದಿದ್ದಲ್ಲಿ ಮೋಟಾರು ಸುಟ್ಟುಹೋಗುತ್ತದೆ.

ಮೋಟಾರು ತಿರುಗುತ್ತದೆ, ಆದರೆ ಗಾರೆ ಮುಂದೆ ಹೋಗುವುದಿಲ್ಲ: ತಿರುಪು ಪಂಪಿನ ಮೂರು ಫೇಸ್ ಮೋಟಾರಿನಲ್ಲಿ ಯಾವುದೇ ಎರಡು ಫೇಸ್ ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಹೊಸ ಕಟ್ಟಡಕ್ಕೆ ಹೋದಾಗಲೆಲ್ಲ ಗಾರೆ ಹಾಕುವ ಮುನ್ನ ತಿರುಗುವ ದಿಕ್ಕನ್ನು ಪರೀಕ್ಷಿಸತಕ್ಕದ್ದು. ಬದಲಾವಣೆಯನ್ನು ಅರ್ಹ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು.

ನಿರ್ಮಾಣ ಸ್ಥಳದಲ್ಲಿ ತಾತ್ಕಾಲಿಕ ವಿದ್ಯುತ್ ಸಂಪರ್ಕಕ್ಕೆ ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಬೇಕು. ನೀರು ಮತ್ತು ವಿದ್ಯುತ್ ಒಟ್ಟಿಗಿರುವ ಕೆಲಸವಾದ್ದರಿಂದ ಭೂಸಂಪರ್ಕ ಹಾಗೂ 30 ಮಿಲಿ ಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ರಕ್ಷಣಾ ಸ್ವಿಚ್ಚು ಕಡ್ಡಾಯವೆಂದೇ ಭಾವಿಸತಕ್ಕದ್ದು.

ಗಾರೆ ಒಮ್ಮೆ ನೀರಾಗಿ, ಒಮ್ಮೆ ಗಟ್ಟಿಯಾಗಿ ಬರುತ್ತದೆ: ತಾನೇ ಕಲಸುವ ಯಂತ್ರಗಳಿಗೆ ಒಂದೇ ಸಮನಾದ ನೀರಿನ ಒತ್ತಡ ಬೇಕು. ಇಂತಹ ಹಲವು ಯಂತ್ರಗಳು ಸುಮಾರು 2.5 ಬಾರ್ ಒತ್ತಡವನ್ನು ಅಪೇಕ್ಷಿಸುತ್ತವೆ. 10 ಮೀಟರ್ ಎತ್ತರದ ನೀರಿನಿಂದ ದೊರೆಯುವ ಒತ್ತಡ ಸುಮಾರು 1 ಬಾರ್ ಮಾತ್ರ. ಅಂದರೆ ಒಂದು ಅಂತಸ್ತಿನ ಮನೆಯ ಮೇಲಿನ ತೊಟ್ಟಿಯಿಂದ ನೇರವಾಗಿ ನೀರು ಕೊಟ್ಟರೆ ಸಾಲದು; ನೆಲದ ಮೇಲೆ ಪೀಪಾಯಿ ಹಾಗೂ ಒತ್ತಡ ಹೆಚ್ಚಿಸುವ ಪಂಪನ್ನು ಇರಿಸಿಕೊಳ್ಳಬೇಕು.

4. ಮರಳು ಮತ್ತು ಗಾರೆಯ ಹದ

ಕೈಗೆ ಹೊಂದುವ ಗಾರೆಯೆಲ್ಲ ಯಂತ್ರಕ್ಕೆ ಹೊಂದುವುದಿಲ್ಲ. ಗಿಲಾವಿನ ಮರಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 1542:1992. ಈ ಮಾನಕಕ್ಕೆ ಹೊಂದುವ ಮರಳನ್ನು ಖರೀದಿಸಿ, ಯಂತ್ರದ ಕೈಪಿಡಿಯಲ್ಲಿ ಸೂಚಿಸಿರುವ ಗರಿಷ್ಠ ಕಣಗಾತ್ರಕ್ಕೆ ಅನುಗುಣವಾದ ಜರಡಿಯಲ್ಲಿ ತಪ್ಪದೇ ಜರಡಿ ಹಿಡಿಯಬೇಕು. ಒಂದೇ ಒಂದು ಕಲ್ಲಿನ ಚೂರು ನಳಿಕೆಯ ಬಾಯಿಯನ್ನು ಮುಚ್ಚಬಲ್ಲದು. ಸಿಮೆಂಟ್ ಚೀಲದಲ್ಲಿನ ಗಂಟುಗಳು, ಚೀಲದ ದಾರ ಹಾಗೂ ಕಾಗದದ ಚೂರುಗಳೂ ಇದೇ ತೊಂದರೆಯನ್ನು ಉಂಟುಮಾಡುತ್ತವೆ.

ತಯಾರಿಸಿದ ಮರಳಿನ ಕಣಗಳು ಕೋನಾಕಾರವಾಗಿರುವುದರಿಂದ ಕೊಳವೆಯಲ್ಲಿ ಉಜ್ಜಾಟ ಹೆಚ್ಚು. ಕಾಂಕ್ರೀಟಿಗೆ ಮೀಸಲಾದ ತಯಾರಿಸಿದ ಮರಳನ್ನು ಬಳಸದೆ, ಗಿಲಾವಿಗೆಂದು ತಯಾರಿಸಿದ ನುಣುಪು ಮರಳನ್ನೇ ಬಳಸಬೇಕು. 1:6 ಪ್ರಮಾಣದ ಬಡಗಾರೆಯಲ್ಲಿ ನುಣ್ಣನೆಯ ಅಂಶ ಸಾಲದೆ, ಒತ್ತಡ ಬಿದ್ದೊಡನೆ ನೀರು ಮುಂದೆ ಹೋಗಿ ಮರಳು ಹಿಂದೆ ಉಳಿಯುತ್ತದೆ. ಸುಣ್ಣ ಸೇರಿದ 1:1:6 ಪ್ರಮಾಣದ ಸಿಮೆಂಟ್-ಸುಣ್ಣ-ಮರಳಿನ ಗಾರೆ ಅಥವಾ ಸಿದ್ಧಮಿಶ್ರಣವು ಸರಾಗವಾಗಿ ಹರಿಯುತ್ತದೆ. ಗಾರೆ ಹರಿಯಲೆಂದು ನೀರನ್ನು ಸುರಿಯುವುದು ಪರಿಹಾರವಲ್ಲ. ಅದರಿಂದ ಮರಳು ಇನ್ನಷ್ಟು ಬೇಗ ಬೇರ್ಪಡುತ್ತದೆ, ಗೋಡೆಯ ಮೇಲೆ ಬಿರುಕೂ ಮೂಡುತ್ತದೆ.

5. ಕೊಳವೆ ಕಟ್ಟಿಕೊಳ್ಳುವುದು

ಆರಂಭಿಕರು ಎದುರಿಸುವ ತೊಂದರೆಗಳಲ್ಲಿ ಇದು ಮುಖ್ಯವಾದುದು. ಕೆಲಸ ಆರಂಭಿಸಿದ ಮೊದಲ ಕೆಲವು ನಿಮಿಷಗಳಲ್ಲಿಯೇ ಕೊಳವೆ ಕಟ್ಟಿಕೊಂಡರೆ, ಒಣ ಕೊಳವೆಯೇ ಅದಕ್ಕೆ ಕಾರಣವೆಂದು ತಿಳಿಯಬಹುದು. ಒಣ ಕೊಳವೆಯು ಗಾರೆಯ ನೀರನ್ನು ಹೀರಿಕೊಂಡು, ಮುಂತುದಿಯಲ್ಲಿ ಬರೀ ಮರಳಿನ ಬಿರಡೆ ಉಂಟಾಗುತ್ತದೆ. ಆದ್ದರಿಂದ,

ಅ) ಮೊದಲು ಕೊಳವೆಯೊಳಗೆ ನೀರು ಹಾಯಿಸಿ ತೇವಗೊಳಿಸಬೇಕು.
ಆ) ಉಳಿದ ನೀರನ್ನು ಪೂರ್ಣವಾಗಿ ಬಸಿಯಬೇಕು. ನೀರು ಉಳಿದರೆ ಅದು ಗಾರೆಯಲ್ಲಿನ ಸಿಮೆಂಟನ್ನು ತೊಳೆದುಬಿಡುತ್ತದೆ.
ಇ) ಅನಂತರ ಮಂದವಾದ ಸಿಮೆಂಟ್ ಅಥವಾ ಸುಣ್ಣದ ತಿಳಿಗಾರೆಯನ್ನು ಹಾಯಿಸಿ, ಅದರ ಬೆನ್ನಿಗೇ ಗಾರೆಯನ್ನು ಬಿಡಬೇಕು.
ಈ) ಕೊಳವೆಯನ್ನು ಬಿಗಿಯಾಗಿ ಮಡಚದೆ, ವಿಶಾಲವಾದ ತಿರುವುಗಳಲ್ಲಿ ಹಾಸಬೇಕು.

ಸಿಂಪಡಣೆ ಆರಂಭಿಸುವಾಗ ಮೊದಲು ಗಾಳಿ, ಅನಂತರ ಗಾರೆ. ನಿಲ್ಲಿಸುವಾಗ ಮೊದಲು ಗಾರೆ, ಅನಂತರ ಗಾಳಿ. ಈ ಕ್ರಮ ತಪ್ಪಿದರೆ ಗಾರೆಯು ಗಾಳಿಯ ನಳಿಕೆಯೊಳಗೆ ಸೇರಿಕೊಳ್ಳುತ್ತದೆ.

6. ಸುರಕ್ಷತೆ: ವಿಶೇಷ ಎಚ್ಚರಿಕೆ

ಕಟ್ಟಿಕೊಂಡ ಕೊಳವೆಯಲ್ಲಿ ಒತ್ತಡವು ಹಾಗೆಯೇ ಉಳಿದಿರುತ್ತದೆ. ಅವಸರದಿಂದ ಜೋಡಣೆಯನ್ನು ಬಿಚ್ಚಿದವರ ಮುಖಕ್ಕೆ ಗಾರೆ ಸಿಡಿದು ದೃಷ್ಟಿ ಹೋಗುವ ಅಪಾಯವಿದೆ. ಒಂದು ದಿನದ ಕೆಲಸ ಕೆಟ್ಟರೆ ಮರುದಿನ ಸರಿಪಡಿಸಬಹುದು; ಕಣ್ಣನ್ನು ಸರಿಪಡಿಸಲಾಗದು. ಆದ್ದರಿಂದ ಈ ಕ್ರಮವನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು.

ಅ) ಪಂಪನ್ನು ನಿಲ್ಲಿಸಿ, ಹಿಮ್ಮುಖವಾಗಿ ಚಲಾಯಿಸಿ, ಒತ್ತಡಮಾಪಕದ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಮಾಪಕದ ಬಾಯಿಯೂ ಕಟ್ಟಿಕೊಂಡಿರಬಹುದಾದ್ದರಿಂದ, ಕೊಳವೆ ಮೆತ್ತಗಾಗಿರುವುದನ್ನು ಕೈಯಿಂದ ಒತ್ತಿ ಖಚಿತಪಡಿಸಿಕೊಳ್ಳಬೇಕು.
ಆ) ಯಂತ್ರದ ಕಡೆಯಿಂದ ಕೊಳವೆಯನ್ನು ಮುಟ್ಟುತ್ತಾ ಸಾಗಬೇಕು. ಗಟ್ಟಿಯಾದ ಭಾಗ ಮುಗಿದು ಮೆತ್ತನೆಯ ಭಾಗ ಆರಂಭವಾಗುವ ಜಾಗದಲ್ಲಿ ತಡೆ ಇರುತ್ತದೆ. ಸಾಮಾನ್ಯವಾಗಿ ಅದು ಜೋಡಣೆ ಅಥವಾ ತಿರುವಿನ ಬಳಿ ಸಿಗುತ್ತದೆ.
ಇ) ಇತರರನ್ನು ದೂರ ಸರಿಸಿ, ರಕ್ಷಣಾ ಕನ್ನಡಕ ಧರಿಸಿ, ಜೋಡಣೆಗೆ ದಪ್ಪ ಗೋಣಿ ಹೊದಿಸಿ, ಮುಖವನ್ನು ಆಚೆ ತಿರುಗಿಸಿ ನಿಧಾನವಾಗಿ ಬಿಚ್ಚಬೇಕು.
ಈ) ಗಾಳಿಯ ಒತ್ತಡದಿಂದ ತಡೆಯನ್ನು ಹೊರದೂಡಲು ಎಂದಿಗೂ ಪ್ರಯತ್ನಿಸಬಾರದು.

ಸಿಮೆಂಟ್ ಹಾಗೂ ಸುಣ್ಣವು ಕ್ಷಾರಗುಣವುಳ್ಳವು. ಕಣ್ಣಿಗೆ ಬಿದ್ದಲ್ಲಿ ಉಜ್ಜದೆ, ಕನಿಷ್ಠ 15 ರಿಂದ 20 ನಿಮಿಷ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಇದಕ್ಕಾಗಿ ಕೆಲಸದ ಜಾಗದಲ್ಲಿ ಒಂದು ಬಿಂದಿಗೆ ಶುದ್ಧ ನೀರನ್ನು ಪ್ರತ್ಯೇಕವಾಗಿ ಇರಿಸಿರಬೇಕು. ಕೈಗವಸು, ಬೂಟು ಹಾಗೂ ಒಣ ಮಿಶ್ರಣ ಸುರಿಯುವಾಗ ಧೂಳು ತಡೆಯುವ ಮುಖಕವಚ ಅವಶ್ಯಕ.

7. ಗೋಡೆಯ ಮೇಲಿನ ದೋಷಗಳು

ಗಿಲಾವು ಜಾರುವುದು ಅಥವಾ ಕಳಚುವುದು: ಧೂಳು ಹಾಗೂ ಎಣ್ಣೆಯಂಶವಿರುವ ಗೋಡೆ, ಕಚ್ಚು ಹಾಕದ ನುಣುಪು ಕಾಂಕ್ರೀಟ್, ಒಂದೇ ಬಾರಿಗೆ ದಪ್ಪ ಪದರ ಹಾಕುವುದು ಇದಕ್ಕೆ ಕಾರಣಗಳು. ಸಾಮಾನ್ಯವಾಗಿ ಸಿಮೆಂಟ್ ಗಿಲಾವು ಚಾವಣಿಗೆ 6 ಮಿ.ಮೀ., ಒಳಗೋಡೆಗೆ 12 ಮಿ.ಮೀ., ಹೊರಗೋಡೆಗೆ ಎರಡು ಪದರಗಳಲ್ಲಿ 20 ಮಿ.ಮೀ. ಇರುತ್ತದೆ. ಯಂತ್ರಕ್ಕೆ ಶಕ್ತಿಯಿದೆಯೆಂದು ಈ ದಪ್ಪವನ್ನು ಮೀರಬಾರದು.

ಅಲೆಅಲೆಯಾಗಿ ಬೀಳುವುದು: ನಳಿಕೆಯನ್ನು ಗೋಡೆಗೆ ನೇರವಾಗಿ, ಸುಮಾರು 20 ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೇ ವೇಗದಲ್ಲಿ ಚಲಿಸಬೇಕು. ಹಾಪರ್ ಗನ್ನಿನಲ್ಲಿ ಗಾರೆ ತೊಟ್ಟಿಕ್ಕುತ್ತಿದ್ದರೆ ಕಂಪ್ರೆಸರ್ ನಿಮಿಷಕ್ಕೆ ಕೊಡುವ ಗಾಳಿಯ ಪ್ರಮಾಣ ಸಾಲದೆಂದು ತಿಳಿಯಬೇಕು. ಕಂಪ್ರೆಸರ್ ಖರೀದಿಸುವಾಗ ಅಶ್ವಶಕ್ತಿಯನ್ನಷ್ಟೇ ನೋಡದೆ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆಂಬುದನ್ನು ನೋಡತಕ್ಕದ್ದು.

ಬಿರುಕು: ಸಿಮೆಂಟ್ ಗಿಲಾವಿಗೆ ಸಂಬಂಧಿಸಿದ ಕಾರ್ಯವಿಧಾನ ಮಾನಕ ಐಎಸ್ 1661:1972. ಸಿಮೆಂಟ್ ಗಿಲಾವನ್ನು ಕನಿಷ್ಠ 7 ದಿನ ತೇವವಾಗಿ ಇರಿಸಬೇಕು. ಕಾಂಕ್ರೀಟ್ ಮತ್ತು ಇಟ್ಟಿಗೆ ಕೂಡುವಲ್ಲಿ ತಂತಿಬಲೆ ಹೊಡೆಯಬೇಕು. ಜಿಪ್ಸಂ ಗಿಲಾವಿಗೆ ನೀರುಣಿಸುವ ಅಗತ್ಯವಿಲ್ಲ. ಸದಾ ತೇವವಿರುವ ಸ್ನಾನಗೃಹ ಹಾಗೂ ಹೊರಗೋಡೆಗೆ ಅದನ್ನು ಬಳಸಬಾರದು.

8. ಯಂತ್ರದ ವೇಗ ಮತ್ತು ಕೆಲಸಗಾರರ ಸಂಖ್ಯೆ

ಅರ್ಜಿದಾರರು ಯೋಜನಾ ವರದಿಯಲ್ಲಿ ಮಾಡುವ ಮುಖ್ಯ ತಪ್ಪು ಇಲ್ಲಿದೆ. ಉದಾಹರಣೆಗೆ, ನಿಮಿಷಕ್ಕೆ 20 ಲೀಟರ್ ಗಾರೆ ತಳ್ಳುವ ಯಂತ್ರವು ಗಂಟೆಗೆ 1,200 ಲೀಟರ್, ಅಂದರೆ 1.2 ಘನ ಮೀಟರ್ ಗಾರೆಯನ್ನು ಹೊರಹಾಕುತ್ತದೆ. 12 ಮಿ.ಮೀ. ದಪ್ಪದಲ್ಲಿ ಇದು ಲೆಕ್ಕಕ್ಕೆ 100 ಚದರ ಮೀಟರ್ ಗೋಡೆಯಾಗುತ್ತದೆ. ಆದರೆ ಯಂತ್ರವು ಗಾರೆಯನ್ನು ಅಂಟಿಸುತ್ತದೆಯೇ ಹೊರತು ಮಟ್ಟ ಮಾಡುವುದಿಲ್ಲ. ಮಟ್ಟಗೋಲು ಎಳೆಯುವುದು, ಮೂಲೆ ತೆಗೆಯುವುದು, ಉಜ್ಜುವುದು ಎಲ್ಲವೂ ಕೈಕೆಲಸವೇ. ಇಬ್ಬರೇ ಕೆಲಸಗಾರರಿದ್ದಲ್ಲಿ ಅವರು ಹಿಂದೆ ಬೀಳುತ್ತಾರೆ, ಗೋಡೆಯ ಮೇಲಿನ ಗಾರೆ ಬಿಗಿಯುತ್ತದೆ, ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ. ನಿಂತ ಯಂತ್ರದ ಕೊಳವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ದಿನದ ಉತ್ಪಾದನೆಯನ್ನು ಯಂತ್ರದ ಸಾಮರ್ಥ್ಯದಿಂದಲ್ಲದೆ, ಮಟ್ಟ ಮಾಡುವ ತಂಡದ ಸಾಮರ್ಥ್ಯದಿಂದ ಲೆಕ್ಕ ಹಾಕಿ ವರದಿಯಲ್ಲಿ ನಮೂದಿಸಬೇಕು. ಯಂತ್ರದಿಂದ ಕರಣೆಯ ಕೆಲಸ ತಿಳಿದವರ ಅಗತ್ಯ ತಪ್ಪುವುದಿಲ್ಲ.

9. ಶುಚಿಗೊಳಿಸುವಿಕೆ ಮತ್ತು ವಿದ್ಯುತ್ ಕಡಿತ

25 ಮಿ.ಮೀ. ಒಳವ್ಯಾಸದ 15 ಮೀಟರ್ ಕೊಳವೆಯಲ್ಲಿ ಸುಮಾರು 7 ಲೀಟರ್ ಗಾರೆ ಸದಾ ಉಳಿದಿರುತ್ತದೆ. ಊಟದ ವಿರಾಮಕ್ಕೆ ಮುನ್ನ ಹಾಗೂ ದಿನದ ಕೊನೆಗೆ ಸ್ಪಂಜಿನ ಉಂಡೆಯನ್ನು ನೀರಿನೊಂದಿಗೆ ಹಾಯಿಸಿ ಕೊಳವೆಯನ್ನು ಶುಚಿಗೊಳಿಸಬೇಕು. ಹಳೆಯ ಜಿಪ್ಸಂನ ಉಳಿಕೆಯು ಹೊಸ ಜಿಪ್ಸಂ ಬೇಗ ಗಟ್ಟಿಯಾಗುವಂತೆ ಮಾಡುವುದರಿಂದ ಕಲಸುವ ತೊಟ್ಟಿಯನ್ನೂ ಪ್ರತಿ ಬಾರಿ ತೊಳೆಯತಕ್ಕದ್ದು. ತಿರುಪು ಪಂಪನ್ನು ಗಾರೆ ಅಥವಾ ನೀರಿಲ್ಲದೆ ಚಲಾಯಿಸಿದರೆ ರಬ್ಬರ್ ಕವಚವು ಅಲ್ಪ ಸಮಯದಲ್ಲಿಯೇ ಸುಟ್ಟುಹೋಗುತ್ತದೆ.

ವಿದ್ಯುತ್ ಹೋದಾಗ ಬರುವುದೆಂದು ಕಾಯುತ್ತಾ ಕೂರಬಾರದು. ಬೇಸಿಗೆಯಲ್ಲಿ ಗಾರೆ ಬೇಗನೆ ಬಿಗಿಯುತ್ತದೆ. ಕಾಲು ಗಂಟೆಯೊಳಗೆ ವಿದ್ಯುತ್ ಬಾರದಿದ್ದಲ್ಲಿ ಕೈಪಿಡಿಯಂತೆ ಒತ್ತಡವನ್ನು ಇಳಿಸಿ, ಕೊಳವೆಗಳನ್ನು ಬಿಡಿಸಿ, ಗಾರೆಯನ್ನು ಹೊರತೆಗೆದು ತೊಳೆಯಬೇಕು. ಅಗತ್ಯವಾದ ಸ್ಪ್ಯಾನರ್ ಹಾಗೂ ಪೀಪಾಯಿ ತುಂಬ ನೀರು ಯಂತ್ರದ ಪಕ್ಕದಲ್ಲಿಯೇ ಇರಬೇಕು. ತೊಳೆದ ನೀರನ್ನು ಚರಂಡಿಗೆ ಬಿಡದೆ, ಗುಂಡಿಯಲ್ಲಿ ನಿಲ್ಲಿಸಿ ಗಸಿಯನ್ನು ಬೇರ್ಪಡಿಸಬೇಕು.

10. ಅರ್ಜಿದಾರರ ಗಮನಕ್ಕೆ

ಅ) ಸಾಲ ಹಾಗೂ ಸಹಾಯಧನ ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಷರತ್ತುಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಸಾಲ ಮಂಜೂರಾಗುವ ಮುನ್ನ ಮುಂಗಡ ಹಣ ಪಾವತಿಸುವುದು ಸೂಕ್ತವಲ್ಲ.

ಆ) ತಾವು ನಿತ್ಯ ಬಳಸುವ ಮರಳಿನಿಂದಲೇ ಯಂತ್ರವನ್ನು ಚಾಲನೆ ಮಾಡಿ ತೋರಿಸುವಂತೆ ಮಾರಾಟಗಾರರನ್ನು ಕೋರಬೇಕು. ಮಾರಾಟಗಾರರು ತಂದ ಸಿದ್ಧಮಿಶ್ರಣದಲ್ಲಿ ಮಾಡಿದ ಪ್ರಾತ್ಯಕ್ಷಿಕೆಯೊಂದೇ ಸಾಲದು.

ಇ) ರಬ್ಬರ್ ಕವಚ, ತಿರುಪು ಹಾಗೂ ನಳಿಕೆಗಳು ಸವೆಯುವ ಭಾಗಗಳು. ಅವುಗಳ ಬೆಲೆ ಹಾಗೂ ಸಮೀಪದಲ್ಲಿ ದೊರೆಯುವ ಸ್ಥಳವನ್ನು ದರಪಟ್ಟಿಯಲ್ಲಿಯೇ ಬರೆಸಿಕೊಂಡು, ಅದರ ವೆಚ್ಚವನ್ನು ಯೋಜನಾ ವರದಿಯಲ್ಲಿ ಸೇರಿಸಬೇಕು.

ಈ) ಯಂತ್ರದ ಕ್ರಮಸಂಖ್ಯೆಯುಳ್ಳ ತೆರಿಗೆ ಬಿಲ್ಲು, ಖಾತರಿ ಪತ್ರ ಹಾಗೂ ಕೈಪಿಡಿಯನ್ನು ಪಡೆದು ಜೋಪಾನವಾಗಿ ಇರಿಸಬೇಕು.

ಉ) ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಯಂತ್ರ ಖರೀದಿಸಿದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೆನಿಸುತ್ತಾರೆ. ಯಂತ್ರವು ದೋಷಪೂರಿತವಾಗಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು.

ಊ) ಯಂತ್ರದೊಂದಿಗೆ ದುಡಿಯುವ 18 ರಿಂದ 60 ವರ್ಷ ವಯೋಮಾನದವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ನಿರ್ಮಾಣ ಕೆಲಸ ಮಾಡಿದ್ದಲ್ಲಿ, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಅಪಘಾತ ಸಂಭವಿಸಿದ ನಂತರ ನೋಂದಣಿಗೆ ಓಡಾಡುವುದಕ್ಕಿಂತ ಕೆಲಸಕ್ಕೆ ಮುನ್ನವೇ ನೋಂದಾಯಿಸಿಕೊಳ್ಳುವುದು ಒಳಿತು.

ಮೊದಲ ಗುತ್ತಿಗೆಯ ಕೆಲಸಕ್ಕೆ ಯಂತ್ರವನ್ನು ಒಯ್ಯುವ ಮುನ್ನ, ಮುಂದೆ ಕೆಡವಲಿರುವ ಗೋಡೆಯೊಂದರ ಮೇಲೆ ಕೆಲವು ದಿನ ಅಭ್ಯಾಸ ಮಾಡಿ, ಕೊಳವೆ ಬಿಡಿಸಿ ತೊಳೆಯುವ ಕ್ರಮವನ್ನು ತಂಡದ ಪ್ರತಿಯೊಬ್ಬರಿಗೂ ಕಲಿಸತಕ್ಕದ್ದು. ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ಪಾಲಿಸಿ ಯೋಜನೆಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.